ಯೋಗಾನಂದರು ಬರೆದ ಮೆಥಡ್

ಚೇತನಾಳ ಪರದೆಯ ಮೇಲೆ ಆ ಮೆಥಡ್‌ನ ಹೆಸರಿನ ಪಕ್ಕ ಕೆಂಪು ಬಣ್ಣದಲ್ಲಿ ಅರವತ್ತೆರಡು ಎಂದು ಬಂದಿತ್ತು. ಒಂದು ಮೆಥಡ್ ಒಳಗೆ, ಅಂದರೆ ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಂಡಿನೊಳಗೆ, ದಾರಿ ಎಷ್ಟು ಕಡೆ ಕವಲೊಡೆಯುತ್ತದೆ ಎಂದು ಎಣಿಸಿ ಹೇಳುವ ಟೂಲ್ ಅದು. ಹತ್ತರೊಳಗಿದ್ದರೆ ಹಸಿರು ತೋರಿಸುತ್ತದೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಲೇತ್ ವರ್ಕ್‌ಶಾಪೊಂದರ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಡಯಾಲಿಸಿಸ್ ಸೆಂಟರುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಯಾವ ರೋಗಿಗೆ ಯಾವ ದಿನ, ಯಾವ ಹೊತ್ತು, ಯಾವ ಮಷೀನ್ ಎಂದು ನಿರ್ಧರಿಸುತ್ತಿದ್ದದ್ದು ಆ ಒಂದೇ ಮೆಥಡ್. ಅದನ್ನು ಬರೆದವರು ಯೋಗಾನಂದ. ಚೇತನಾಗೆ ಕೆಲಸ ಕಲಿಸಿದವರೂ ಅವರೇ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಪರದೆ ಕಾಣದಂತಾದ ಮೇಲೆ ಕೆಲಸ ಬಿಟ್ಟಿದ್ದರು. ಆಮೇಲೆ ಬಂದವರೆಲ್ಲ ಅದಕ್ಕೆ 'ಹೀಗಿದ್ದರೆ ಹೀಗೆ ಮಾಡು' ಎನ್ನುವ ತಮ್ಮದೊಂದು 'ಇಫ್' ಸೇರಿಸಿ ಹೋದರೇ ಹೊರತು, ಒಳಗಿದ್ದದ್ದನ್ನು ಯಾರೂ ಮುಟ್ಟಲಿಲ್ಲ.

"ಒಂದು ದೊಡ್ಡ ಆಸ್ಪತ್ರೆಯೋರು ಕೊಳ್ಳೋಕೆ ಮುಂಚೆ ನಮ್ಮ ಕೋಡ್ ರಿಪೋರ್ಟ್ ಕೇಳಿದಾರೆ ಚೇತನಾ. ಅದ್ರಲ್ಲಿ ಕೆಂಪು ಕಾಣಬಾರ್ದು, ಅಷ್ಟೇ," ಎಂದ ಮ್ಯಾನೇಜರ್ ಸುಧೀಂದ್ರ.

ಆ ವರ್ಷವೆಲ್ಲ ಅವಳು ಬೇರೆಯವರ ಕೋಡ್ ಗುಡಿಸುವುದರಲ್ಲೇ ಕಳೆದಿದ್ದಳು. ಇದನ್ನೂ ಓದಿ ಅರ್ಥ ಮಾಡಿಕೊಳ್ಳುವಷ್ಟು ತ್ರಾಣ ಉಳಿದಿರಲಿಲ್ಲ. ಕತ್ತರಿ ಎಲ್ಲಿ ಸುಲಭವಾಗಿ ಆಡಿತೋ ಅಲ್ಲಲ್ಲಿ ಕತ್ತರಿಸಿ, ತುಂಡುಗಳಿಗೆ ಬಾಯಿಗೆ ಬಂದ ಹೆಸರಿಟ್ಟಳು. ಒಂದೊಂದು ತುಂಡಿನಲ್ಲೂ ಕವಲು ಹತ್ತರೊಳಗೇ ಇದ್ದದ್ದರಿಂದ ಟೂಲ್ ಹಸಿರು ತೋರಿಸಿತು. ಸುಧೀಂದ್ರ ಆ ಪರದೆಯ ಫೋಟೋ ತೆಗೆದು ಆಸ್ಪತ್ರೆಯವರಿಗೆ ಕಳಿಸಿಯೂಬಿಟ್ಟ.

ಹೊಸ ಕೋಡ್ ಸೆಂಟರುಗಳಿಗೆ ಹೋಗುವ ಮುಂಚೆ ಚೇತನಾ ಹಿಂದಿನ ತಿಂಗಳ ರೋಗಿಗಳನ್ನೆಲ್ಲ ಅದರಲ್ಲಿ ಓಡಿಸಿ ನೋಡಿದಳು. ರಕ್ತದಲ್ಲಿ ಸೋಂಕಿದ್ದವರಿಗೆ ಪ್ರತ್ಯೇಕ ಮಷೀನ್ ಇರುತ್ತದೆ. ಅಂಥ ಒಬ್ಬರಿಗೆ ಎಲ್ಲರೂ ಬಳಸುವ ಮಷೀನ್ ಬಂದಿತ್ತು. ಕತ್ತರಿಸುವಾಗ ಸೋಂಕಿನ ತಪಾಸಣೆ ಎಲ್ಲೋ ಮಷೀನ್ ಹಂಚಿಯಾದ ಮೇಲೆ ನಡೆಯುವಂತಾಗಿತ್ತು. ಎಲ್ಲಿ ಎಂದು ಹುಡುಕಲು ಹೋದರೆ ತಾನೇ ಮಾಡಿದ ತುಂಡುಗಳು ಅವಳಿಗೇ ಅರ್ಥವಾಗಲಿಲ್ಲ. ಒಂದು ಕಡೆ ಇದ್ದ ಗಂಟು ಈಗ ಹತ್ತು ಕಡೆ ಇತ್ತು.

ಮಾಡಿದ್ದನ್ನೆಲ್ಲ ಅಳಿಸಿ ಹಳೆಯದನ್ನೇ ವಾಪಸು ಇಟ್ಟಳು.

"ಮತ್ತೆ ಕೆಂಪಾ?" ಎಂದ ಸುಧೀಂದ್ರ, ಹಣೆ ಒತ್ತಿಕೊಂಡು.

"ಹಸಿರು ಮಾಡಿದ್ದು ತಪ್ಪಾಗಿದೆ. ಟೈಮ್ ಬೇಕು."

ಅವನು ಜಗಳವಾಡಲಿಲ್ಲ. ಅವನಿಗೂ ಸಾಕಾಗಿತ್ತು.

ಶನಿವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಗೋವಿಂದರಾಜನಗರದ ಯೋಗಾನಂದರ ಮನೆಗೆ ಹೋದಳು. ಅವರ ಹೆಂಡತಿ ಬಾಗಿಲು ತೆಗೆದು, "ಬಾಮ್ಮ, ಬೆಳಿಗ್ಗೆಯಿಂದ ನೀನು ಬರ್ತೀಯ ಅಂತ ಶರ್ಟ್ ಹಾಕ್ಕೊಂಡು ಕೂತಿದಾರೆ," ಎಂದು ಕಾಫಿ ಇಡಲು ಒಳಗೆ ಹೋದರು.

ಯೋಗಾನಂದರು ಸೋಫಾದ ಅಂಚಿನಲ್ಲಿ ಕೂತಿದ್ದರು. ಮುಖವನ್ನು ಅವಳ ಕಡೆ ತಿರುಗಿಸಿದರೂ ನೋಟ ಸ್ವಲ್ಪ ಪಕ್ಕಕ್ಕೆ ಬೀಳುತ್ತಿತ್ತು.

"ನನಗೆ ಕಾಣಲ್ಲ ಕಣಮ್ಮ. ನೀನೇ ಓದು."

ಅವಳು ಗಟ್ಟಿಯಾಗಿ ಓದತೊಡಗಿದಳು. ಹೀಗಿದ್ದರೆ, ಅದರೊಳಗೆ ಹಾಗಿದ್ದರೆ, ಇಲ್ಲದಿದ್ದರೆ, ಅದರೊಳಗೆ ಮತ್ತೆ ಹೀಗಿದ್ದರೆ. ಅವರು ಕಣ್ಣು ಮುಚ್ಚಿ ಬೆರಳು ಮಡಿಸುತ್ತ ಕೇಳಿದರು. ಸ್ವಲ್ಪ ಹೊತ್ತಿಗೆ ಕೈ ಎತ್ತಿದರು.

"ನಿಲ್ಲು ನಿಲ್ಲು. ಈಗ ಯಾವ ಇಫ್ ಒಳಗಿದೀವಿ?"

ಚೇತನಾ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿದಳು. "ಗೊತ್ತಾಗ್ತಿಲ್ಲ ಸಾರ್."

"ನನಗೂ ಗೊತ್ತಾಗ್ಲಿಲ್ಲ." ಇಬ್ಬರೂ ನಕ್ಕರು, ನಗು ಬೇಗ ಮುಗಿಯಿತು. "ಬರೆದೋನು ನಾನೇ ನೋಡು. ಅದನ್ನ ಮುಚ್ಚಿಡು. ಬಾಯಲ್ಲಿ ಹೇಳ್ತೀನಿ, ಬರ್ಕೋ."

ಮೊದಲು ಸೋಂಕು ನೋಡಬೇಕು, ಸೋಂಕಿದ್ದವರ ಮಷೀನ್ ಬೇರೆ; ಈ ಮಾತಿಗೆ ಅಡ್ಡ ಬರುವಂಥದ್ದು ಯಾವುದೂ ಇಲ್ಲ. ಆಮೇಲೆ ತುರ್ತು ಇದ್ದವರು. ಆಮೇಲೆ ವಾರದ ಸರದಿ ತಪ್ಪಿಸಿಕೊಂಡವರು. ಉಳಿದವರಿಗೆ ಅವರವರ ಮಾಮೂಲು ಹೊತ್ತು. ಅವರು ಹೇಳಿದ ಒಂದೊಂದು ಮಾತನ್ನೂ ಅವಳು ಒಂದೊಂದು ಪುಟ್ಟ ಮೆಥಡ್ ಮಾಡಿ, ಆ ಮಾತನ್ನೇ ಅದರ ಹೆಸರಾಗಿಟ್ಟಳು. ಕಾಫಿ ಆರಿ ಹೋಯಿತು.

ಕೊನೆಗೆ ಹಳೆಯ ಕೋಡಿನಲ್ಲಿ ಎಲ್ಲೂ ಸೇರದ ಒಂದು ಇಫ್ ಉಳಿಯಿತು. "ಸಾರ್, ಕೆಂಗೇರಿ ಸೆಂಟರಲ್ಲಿ ಎಪ್ಪತ್ತು ದಾಟಿದೋರಿಗೆ ಮಂಗಳವಾರ ಬೆಳಿಗ್ಗೆ ಕೊಡಬಾರ್ದು ಅಂತಿದೆ. ಯಾಕೆ?"

ಯೋಗಾನಂದರು ಹೇಳಿದರು. "ಬಸವಲಿಂಗಪ್ಪ ಅಂತ ಇದ್ರು. ಮಗಳು ಗಾರ್ಮೆಂಟ್ಸಲ್ಲಿ ಇದ್ಳು. ಮಂಗಳವಾರ ಅವಳಿಗೆ ಬೆಳಿಗ್ಗೆ ಶಿಫ್ಟು, ಅವರನ್ನ ಕರ್ಕೊಂಡು ಬರೋರು ಯಾರೂ ಇರ್ತಿರ್ಲಿಲ್ಲ. ಆಗ ಆ ಸೆಂಟರಲ್ಲಿ ಎಪ್ಪತ್ತು ದಾಟಿದೋರು ಅವರೊಬ್ರೇ. ಅರ್ಜೆಂಟಲ್ಲಿ ಹಾಗೆ ಬರೆದ್‌ಬಿಟ್ಟೆ."

"ಈಗ ಅವರು?"

"ತೀರ್ಕೊಂಡ್ರು. ನಾನು ಕೆಲಸ ಬಿಡೋಕ್ಕೆ ಮುಂಚೇನೆ."

"ಮತ್ತೆ ಯಾಕೆ ತೆಗೀಲಿಲ್ಲ?"

"ಅವರ ನೆನಪಿಗೆ ಅಂತ ಹೇಳಿದ್ರೆ ಚೆನ್ನಾಗಿರುತ್ತೆ. ಅದಲ್ಲ ಕಣಮ್ಮ. ಭಯ. ಆ ಹೊತ್ತಿಗೆ ಅದು ನನಗೇ ಅರ್ಥ ಆಗ್ತಿರ್ಲಿಲ್ಲ. ಒಂದು ಎಳೆದ್ರೆ ಇನ್ನೇನು ಬಿದ್ದು ಹೋಗುತ್ತೋ ಅಂತ."

ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಅಷ್ಟು ವರ್ಷವೂ ಕೆಂಗೇರಿಯ ಮುದುಕರಿಗೆ ಯಾರಿಗೂ ಮಂಗಳವಾರ ಬೆಳಿಗ್ಗೆಯ ಸರದಿ ಸಿಕ್ಕಿರಲಿಲ್ಲ.

"ಯಾರೂ ಕೇಳ್ಲಿಲ್ವಾ ಸಾರ್?"

"ಕಂಪ್ಯೂಟರ್ ಕೊಡ್ತಿಲ್ಲ ಅಂದ್ರೆ ಪಾಪ ಅವರು ಯಾರನ್ನ ಕೇಳ್ತಾರೆ?" ಯೋಗಾನಂದರು ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸಿದರು, ಅದರಿಂದೇನೂ ಪ್ರಯೋಜನವಿಲ್ಲದಿದ್ದರೂ. "ತೆಗೆದ್‌ಬಿಡು."

ಅವಳು ಅವರೆದುರಿಗೇ ಅಳಿಸಿದಳು.

ಮುಂದಿನ ವಾರವೆಲ್ಲ ಹಿಂದಿನ ತಿಂಗಳುಗಳ ರೋಗಿಗಳನ್ನು ಮತ್ತೆ ಮತ್ತೆ ಓಡಿಸಿ ನೋಡಿದಳು. ಯಾರೂ ತಪ್ಪು ಮಷೀನಿಗೆ ಹೋಗಲಿಲ್ಲ. ಆದರೆ ತುರ್ತಿನವರ ಸರದಿ ಹಂಚುವ ಭಾಗ ಮಾತ್ರ ಹದಿನಾಲ್ಕಕ್ಕೆ ನಿಂತಿತು. ಅದನ್ನು ಇನ್ನೂ ಒಡೆದರೆ ಓದಲು ಕಷ್ಟವಾಗುತ್ತದೆ ಎಂದು ಬಿಟ್ಟಳು. ಸುಧೀಂದ್ರ ಹೊಸ ಕೋಡನ್ನು ಮೇಲಿಂದ ಕೆಳಗಿನವರೆಗೆ ತಾನೇ ಓದಿದ, ಅಷ್ಟು ವರ್ಷಗಳಲ್ಲಿ ಮೊದಲ ಸಲ.

"ಅರ್ಥ ಆಗ್ತಿದೆ ರೀ," ಎಂದ, ನಂಬದವನ ಹಾಗೆ. "ಆದ್ರೆ ಇದೊಂದು ಕೆಂಪೇ ಇದೆಯಲ್ಲ."

"ಇರ್ಲಿ. ಯಾಕೆ ಅಂತ, ಆ ಫೋಟೋ ತಪ್ಪು ಅಂತಾನೂ ನಾನೇ ಆಸ್ಪತ್ರೆಯೋರಿಗೆ ಹೇಳ್ತೀನಿ."

ಆಸ್ಪತ್ರೆಯವರು ಒಂದು ಗಂಟೆ ಪ್ರಶ್ನೆ ಕೇಳಿ ಒಪ್ಪಿಕೊಂಡರು.

ಹೊಸ ಕೋಡ್ ಹೋದ ಮೇಲೆ ಕೆಂಗೇರಿ ಸೆಂಟರಿನ ನರ್ಸ್ ಕಲಾ ಫೋನ್ ಮಾಡಿದಳು. "ಮೇಡಂ, ಪಟಾಲಮ್ಮ ಅಂತ ಅಜ್ಜಿಗೆ ಮಂಗಳವಾರ ಬೆಳಿಗ್ಗೆ ತೋರಿಸ್ತಿದೆ. ಸಿಸ್ಟಮ್ ಏನಾದ್ರೂ ಕೆಟ್ಟಿದ್ಯಾ?"

"ಇಲ್ಲ ಕಲಾ. ಅವರಿಗೆ ಆಗುತ್ತಾ ಕೇಳಿ."

ಆ ಕಡೆ ಕೂಗಿ ಕೇಳಿದ್ದು, ಮುದುಕಿ ಏನೋ ಉದ್ದವಾಗಿ ಹೇಳಿದ್ದು ಕೇಳಿಸಿತು. "ಆಗುತ್ತಂತೆ ಮೇಡಂ. ಮೊಮ್ಮಗ ಡೆಲಿವರಿ ಕೆಲಸಕ್ಕೆ ಹೋಗೋ ಮುಂಚೆ ಬಿಟ್ಟು ಹೋಗ್ತಾನಂತೆ. ಇಷ್ಟು ದಿನ ಯಾಕೆ ಕೊಡ್ಲಿಲ್ಲ ಅಂತ ಬೈತಿದಾರೆ."

"ಬೈಲಿ ಬಿಡಿ," ಎಂದಳು ಚೇತನಾ.

ಫೋನಿಟ್ಟಳು. ಕೆಳಗಿನ ವರ್ಕ್‌ಶಾಪಿನವರು ಊಟಕ್ಕೆ ಎದ್ದಿದ್ದರು, ಕಟ್ಟಡದಲ್ಲಿ ಸದ್ದಿರಲಿಲ್ಲ. ಕತ್ತು ನೋಯುತ್ತಿತ್ತು. ಟೂಲ್‌ನಲ್ಲಿ ಮುಂದಿನ ಕೆಂಪು ಹೆಸರನ್ನು ಒತ್ತಿದಳು. ಬರೆದವರು ಯಾರು ಎಂಬಲ್ಲಿ ಅವಳದೇ ಹೆಸರಿತ್ತು.