ಯಾವ ಶಾಲೆ

ಪಕ್ಕದ ಮನೆಯ ಸ್ಪ್ರಿಂಕ್ಲರ್ ಚಿಕ್ ಚಿಕ್ ಅನ್ನುತ್ತಿದೆ, ಟೆಕ್ಸಸ್ಸಿನ ರೌಂಡ್ ರಾಕಿನ ಬಿಸಿಲಿಗೆ ಎಷ್ಟು ನೀರು ಸುರಿದರೂ ಆ ಹುಲ್ಲು ಹಳದಿಯೇ, ನಿಹಾರಿಕಾಳ ಕೈಯಲ್ಲಿ ಫೋನು ಇನ್ನೂ ಬೆಚ್ಚಗಿದೆ — ಜೆರ್ರಿ ಡೆವ್ಲಿನ್ ಅಂತ, ಶುಗರ್ ಲ್ಯಾಂಡಿನಿಂದ, ನಿಮ್ಮ ಮಾವನ ಜೊತೆ ಬೆಲ್‌ಫಾಸ್ಟಿನ ಫ್ಯಾಕ್ಟರಿಯಲ್ಲಿದ್ದೆ ಕಣಮ್ಮ, ಭಾನುವಾರ ಬರಲಾ, ಒಂದೇ ಒಂದು ಕೇಳೋದಿದೆ, ಎಪ್ಪತ್ತನಾಲ್ಕರ ಮುಷ್ಕರದಲ್ಲಿ ನಾನು ಹಿಂದಿನ ಗೇಟಿಂದ ಹೋಗ್ತೀನಿ ಅಂತ ನನ್ನನ್ನು ಹೊಡೆದ ಆ ಗುಂಪಿಗೆ ಹೇಳಿದ್ದು ಯಾರು, ಅವತ್ತು ಮುರಿದ ಕಾಲು ಇವತ್ತಿಗೂ ಎಳೆಯುತ್ತೆ, ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಮಾಡ್ತೀನಿ. ಮಾವ ಸ್ಯಾಮ್ ಪೇಪರಿನಿಂದ ತಲೆ ಎತ್ತಲಿಲ್ಲ, ಯಾವ ಜೆರ್ರಿಯೋ, ನನಗೆ ಗೊತ್ತಿಲ್ಲ, ಬರೋದು ಬೇಡ ಅನ್ನು ಮಗಳೇ. ಗೊತ್ತಿಲ್ಲವೇ, ಪ್ರತಿ ಥ್ಯಾಂಕ್ಸ್‌ಗಿವಿಂಗಿಗೂ ಅದೇ ಮುಷ್ಕರದ ಕಥೆ ಹೇಳುವವರು, ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ಅಧಿಕಾರದಲ್ಲಿ ಪಾಲು ಬೇಡವೆಂದು, ಬ್ರಿಟಿಷ್ ರಾಣಿಗೆ ನಿಷ್ಠರೆನ್ನುವ ಪ್ರಾಟೆಸ್ಟಂಟ್ ಕಾರ್ಮಿಕರು ಊರನ್ನೇ ಬಂದ್ ಮಾಡಿದ್ದು, ಇವರು ಯೂನಿಯನ್ ಮುಖಂಡ, ಗೇಟಿನಲ್ಲಿ ನಿಂತು ಯಾರನ್ನು ಒಳಗೆ ಬಿಡಬಹುದೆಂದು ಪಾಸು ಬರೆದುಕೊಟ್ಟವರು, ನನ್ನ ಕಣ್ಣೆದುರು ಒಬ್ಬನಿಗೂ ಏಟು ಬೀಳಲಿಲ್ಲ ಅನ್ನುವವರು — ಕಣ್ಣೆದುರು, ಸರಿ, ಹಿಂದಿನ ಗೇಟಿನಲ್ಲಿ? ಪಾಸು ಕೊಡುವ ಮುಂಚೆ ಒಂದು ಪ್ರಶ್ನೆಯಿತ್ತು, ಧರ್ಮ ಕೇಳುತ್ತಿರಲಿಲ್ಲ, ಛೆ, ಮರ್ಯಾದಸ್ಥರು, ಯಾವ ಶಾಲೆ ಅಂತ ಅಷ್ಟೇ, ಶಾಲೆ ಗೊತ್ತಾದರೆ ಚರ್ಚು ಗೊತ್ತಾಯಿತು. ಇಲ್ಲಿನ ಕನ್ನಡ ಸಂಘದ ವಸಂತಾ ಆಂಟಿ ಪಾಟ್‌ಲಕ್ ಊಟದಲ್ಲಿ ತಟ್ಟೆಗೆ ಬಿಸಿಬೇಳೆಬಾತ್ ಬಡಿಸುತ್ತಾ, ನಿಮ್ಮ ಮನೆದೇವರು ಯಾವುದಮ್ಮ, ಅನ್ನುವ ಹಾಗೆ, ಎಷ್ಟು ಅಕ್ಕರೆ, ಅಜ್ಜಿಯ ಕಥೆಯ ರಾಕ್ಷಸಿಯೂ ಮೊದಲು ತಲೆ ನೇವರಿಸಿ, ನೀನು ಯಾರ ಮಗಳೇ ಪುಟ್ಟಾ, ಎನ್ನುತ್ತಿದ್ದಳು. ತನ್ನನ್ನೂ ಮಾವ ಕೇಳಿದ್ದರು, ಮದುವೆಗೆ ಮುಂಚೆ, ಮೊದಲ ಭೇಟಿಯಲ್ಲೇ, ಯಾವ ಶಾಲೆ, ಅವಳು ಹೆಮ್ಮೆಯಿಂದ, ಮೈಸೂರಿನ ಕಾನ್ವೆಂಟು, ನನ್‌ಗಳೇ ಕಲಿಸಿದ್ದು, ಅಂದಳು, ಆ ಮುಖ ಬಾಗಿಲು ಹಾಕಿಕೊಂಡಿತು, ಅಪ್ಪಾ, ಅವಳು ಹಿಂದೂ, ಅಂತ ಮಗ ನಕ್ಕ ಮೇಲೆ ತೆರೆಯಿತು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಯಾಕೆ ನಕ್ಕಳೋ. ಇನ್ನೇನು ಫೋನು ಬರುತ್ತದೆ, ಬಾ ಅನ್ನಲೇ, ಬೇಡ ಅನ್ನಲೇ, ಬೇಡ ಅಂದರೆ ತಾನೂ ಗೇಟಿನಲ್ಲಿ ನಿಂತಂತೆ — ಮಾವ, ಚಹಾ ಮುಂದಿಡುತ್ತಾ ಕೇಳಿದಳು, ಆದಷ್ಟು ಮೆತ್ತಗೆ, ಥೇಟ್ ವಸಂತಾ ಆಂಟಿಯ ದನಿಯಲ್ಲಿ, ಆ ಜೆರ್ರಿ ಓದಿದ್ದು ಯಾವ ಶಾಲೆ. ಸೇಂಟ್ ಫಿನ್‌ಬಾರ್, ಅಂದರು ಮಾವ, ಥಟ್ಟನೆ, ಪೇಪರು ಓದುತ್ತಲೇ. ಆಮೇಲೆ ಪೇಪರು ಕೆಳಗಿಟ್ಟರು, ಸಕ್ಕರೆ ಹಾಕದ ಚಹಾದಲ್ಲಿ ಚಮಚ ತಿರುವತೊಡಗಿದರು, ಫೋನು ರಿಂಗಾಗುತ್ತಿದೆ, ಚಮಚ ಸುತ್ತುತ್ತಿದೆ, ಕರಗಲು ಅಲ್ಲಿ ಏನೂ ಇಲ್ಲ, ಚಮಚ ಸುತ್ತುತ್ತಿದೆ, ಚಮಚ