ಬಿಗಿ ಮಾಡಿದ್ದೆನೋ ಇಲ್ಲವೋ

ಬೆಳ್ಳಪ್ಪನ ಟ್ರ್ಯಾಕ್ಟರು ಹೋಗಿ ಎಷ್ಟೋ ಹೊತ್ತಾದ ಮೇಲೆ, ಲಾರಿಯೊಂದರ ಚಕ್ರಕ್ಕೆ ಗಾಳಿ ತುಂಬುತ್ತಿದ್ದ ಸುಮನಾಳ ಕೈ ಥಟ್ಟನೆ ನಿಂತಿತು. ಬೆಳ್ಳಪ್ಪನ ಚಕ್ರದ ನಟ್ಟುಗಳನ್ನು ಕೊನೆಗೆ ಬಿಗಿ ಮಾಡಿದೆನಾ?

ಹೊಸನಗರದ ಪೇಟೆ ಮುಗಿಯುವಲ್ಲಿ ಅವಳೂ ಗಂಡ ಸುನಿಲನೂ ಸೇರಿ ಪಂಕ್ಚರ್ ಅಂಗಡಿ ನಡೆಸುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಗಿರಾಕಿಗಳಿಗೆ ನೀರು ಕೊಡುತ್ತ ನಿಲ್ಲುತ್ತಿದ್ದವಳು ಈಗ ಟ್ರ್ಯಾಕ್ಟರಿನ ದೊಡ್ಡ ಚಕ್ರವನ್ನೂ ಒಬ್ಬಳೇ ಉರುಳಿಸಿ ಕೂರಿಸುತ್ತಿದ್ದಳು. ಅವತ್ತು ಸುನಿಲ ಟೈರು ತರಲು ಸಾಗರಕ್ಕೆ ಹೋಗಿದ್ದ. ಬೆಳ್ಳಪ್ಪ ಬಂದಾಗ ಅವನ ಟ್ರೇಲರಿನ ತುಂಬ ಶುಂಠಿ ಕೀಳಲು ಹೊರಟ ಹೆಂಗಸರು.

"ಬೇಗ ಮಾಡಮ್ಮ. ಬಿಸ್ಲೇರಿದ್ರೆ ಇವ್ರು ಶುಂಠಿ ಬಿಟ್ಟು ನನ್ನನ್ನೇ ಕಿತ್ತು ಹಾಕ್ತಾರೆ" ಎಂದಿದ್ದ.

ಟ್ರೇಲರಿನ ಹಿಂದಿನ ಎಡಗಡೆಯ ಚಕ್ರ ಬಿಚ್ಚಿ, ಟ್ಯೂಬಿಗೆ ಪ್ಯಾಚು ಹಾಕಿ, ಮತ್ತೆ ಕೂರಿಸಿದ್ದು ನೆನಪಿತ್ತು. ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿ ಹಾಕಿದ್ದೂ ನೆನಪಿತ್ತು. ಆಮೇಲೆ ಜಾಕು ಇಳಿಸಿ, ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ, ಎದುರುಬದುರಿನ ನಟ್ಟುಗಳನ್ನು ಮೈಭಾರ ಹಾಕಿ ಬಿಗಿಯಬೇಕು. ಸರಿಯಾಗಿ ಆಗಲೇ ಸುನಿಲನ ಫೋನು ಬಂದಿತ್ತು, ಯಾವ ಸೈಜಿನ ಟೈರು ಎಂದು ಕೇಳಲು. ಹಿಂದೆ ನಿಂತ ಲಾರಿಯವನು ಬೇರೆ ಹಾರನ್ನು ಒತ್ತುತ್ತಿದ್ದ. ಫೋನು ಇಟ್ಟಾಗ ಬೆಳ್ಳಪ್ಪ ಹೊರಟೇಬಿಟ್ಟಿದ್ದ. ಪೈಪಿನ ಮೇಲೆ ಕಾಲಿಟ್ಟು ತುಳಿದ ನೆನಪೇನೋ ಇದೆ. ಅದು ಇವತ್ತಿನದೋ, ನಿನ್ನೆಯ ಟಿಪ್ಪರಿನದೋ?

ಬೆಳ್ಳಪ್ಪನ ಫೋನು ಹತ್ತಲಿಲ್ಲ. ಸುನಿಲನಿಗೆ ಮಾಡಿದಳು.

"ಮಾಡಿರ್ತೀಯ ಬಿಡು ಮಾರಾಯ್ತಿ. ಕೈಗೆ ರೂಢಿ ಆದ ಕೆಲ್ಸ."

"ಅದಕ್ಕೇ ಹೆದ್ರಿಕೆ. ಕೈ ಮಾಡಿದ್ದು ತಲೆಗೆ ಗೊತ್ತಾಗ್ಲಿಲ್ಲ."

ಲಾರಿಯವನಿಗೆ ಕಾಯಲು ಹೇಳಿ, ಸ್ಪ್ಯಾನರು, ಜಾಕು, ಪೈಪುಗಳನ್ನು ಸ್ಕೂಟಿಯ ಮೇಲೆ ಹೇರಿಕೊಂಡು ಶುಂಠಿ ಗದ್ದೆಯಿದ್ದ ಹುಂಚದ ಕಡೆ ಹೊರಟಳು. ಲಾರಿಯವನು ಹಿಂದಿನಿಂದ ಏನೋ ಬೈದ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಒಂದೊಂದು ತಿರುವಿಗೂ ಕಣ್ಣೆದುರು ಅದೇ ಚಿತ್ರ. ಚಕ್ರ ಕಳಚಿಕೊಂಡು ತನ್ನ ಪಾಡಿಗೆ ಮುಂದೆ ಓಡುತ್ತದೆ, ಟ್ರೇಲರು ಚರಂಡಿಗೆ ಮಗುಚುತ್ತದೆ. ತಿರುವು ದಾಟಿದರೆ ಬರೀ ಧೂಳು, ಖಾಲಿ ರಸ್ತೆ. ಒಂದು ಕ್ಷಣ ಸಮಾಧಾನ, ಮತ್ತೆ ಮುಂದಿನ ತಿರುವು. ರಸ್ತೆಯ ನಡುವೆ ಏನೋ ಹೊಳೆಯಿತು. ಬ್ರೇಕು ಹಾಕಿ ಇಳಿದು ನೋಡಿದರೆ ಸೋಡಾ ಬಾಟಲಿಯ ಮುಚ್ಚಳ. ತನ್ನ ಮೇಲೇ ಸಿಟ್ಟು ಬಂತು. ಚಹಾದಂಗಡಿಯೊಂದರ ಮುಂದೆ ನಿಲ್ಲಿಸಿ ಕೇಳಿದಾಗ, "ಈಗಷ್ಟೇ ಹೋಯ್ತಲ್ಲ. ಹೆಂಗಸ್ರು ಹಾಡು ಹೇಳ್ಕೊಂಡು ಹೋದ್ರು" ಎಂದ ಅಂಗಡಿಯವ.

ಮುಂದಿನ ಏರು ಹತ್ತುವಾಗ ರಸ್ತೆಯ ಅಂಚಿನಲ್ಲಿ ಮತ್ತೇನೋ ಹೊಳೆಯಿತು. ಈ ಸಲ ಅದು ನಟ್ಟೇ. ಕೈಗೆತ್ತಿಕೊಂಡರೆ ಬಿಸಿಲಿಗೆ ಕಾದಿತ್ತು. ಅದನ್ನು ಜೊತೆಗಿಟ್ಟುಕೊಂಡು ಸ್ಕೂಟಿಯ ವೇಗ ಹೆಚ್ಚಿಸಿದಳು.

ಏರು ಮುಗಿಯುವಲ್ಲಿ ಟ್ರ್ಯಾಕ್ಟರು ಸಿಕ್ಕಿತು. ಎಷ್ಟು ಕೂಗಿದರೂ ಹಾಡಿನ ಗದ್ದಲಕ್ಕೆ ಬೆಳ್ಳಪ್ಪನಿಗೆ ಕೇಳಿಸಲಿಲ್ಲ. ಸ್ಕೂಟಿಯನ್ನು ಮುಂದೆ ತಂದು ಅಡ್ಡ ನಿಲ್ಲಿಸಿದಳು.

"ತಲೆ ಕೆಟ್ಟಿದ್ಯಾ ನಿಂಗೆ?"

"ಎಲ್ರನ್ನೂ ಇಳ್ಸಿ ಬೆಳ್ಳಪ್ಪಣ್ಣ! ನಟ್ಟು ಬಿಗಿ ಮಾಡಿದ್ದು ನೆನಪಿಲ್ಲ ನಂಗೆ."

"ಎಂತ ಮಾತು? ಫೋನು ಕಿವೀಲಿಟ್ಕೊಂಡು ಪೈಪಿನ ಮೇಲೆ ನಿಂತು ಒಂದೊಂದೇ ತುಳಿದ್ಯಲ್ಲ, ನಾನೇ ನೋಡಿದೀನಿ."

ಸುಮನಾ ಚಕ್ರದ ಬಳಿ ಕೂತಳು. ಒಂದು ಬೋಲ್ಟು ನಟ್ಟಿಲ್ಲದೆ ಬೋಳಾಗಿತ್ತು. ಉಳಿದ ನಟ್ಟುಗಳಲ್ಲಿ ಎರಡು ಬೆರಳಿಗೇ ತಿರುಗಿದವು. ಬೆಳ್ಳಪ್ಪನ ಮುಖ ಸಪ್ಪಗಾಯಿತು. ಟ್ರೇಲರಿನಿಂದ ಇಳಿದು ಬಂದ ಯಮುನಮ್ಮ ಎನ್ನುವ ಹಿರಿಯ ಹೆಂಗಸು, "ಆಗಿಂದ ಟಿಕ್ಕು ಟಿಕ್ಕು ಅಂತಿತ್ತು. ನಾನು ಹೇಳ್ದೆ, ಯಾರು ಕೇಳ್ತಾರೆ?" ಎಂದಳು.

ಚಕ್ರ ಬಿಚ್ಚಿದಾಗ ಕಾರಣ ಸಿಕ್ಕಿತು. ರಿಮ್ಮಿನ ಒಳಮೈ ಮೇಲೆ ದಪ್ಪಗೆ ಬಣ್ಣ. ಭಾರಕ್ಕೆ ಅದು ಜಜ್ಜಿ ಪುಡಿಯಾಗಿ ಉದುರುತ್ತಿತ್ತು.

"ಇದಕ್ಕೆ ಬಣ್ಣ ಯಾವಾಗ ಹೊಡ್ದಿದ್ದು?"

"ಮೊನ್ನೆ" ಎಂದ ಬೆಳ್ಳಪ್ಪ ಮೆತ್ತಗೆ. "ತುಕ್ಕು ಹಿಡೀತಿತ್ತು. ಚಂದ ಕಾಣ್ಲಿ ಅಂತ ಮಗಳು ಒಳಗೂ ಹೊರಗೂ ಬಳಿದ್ಲು."

ಬಣ್ಣದ ಮೇಲೆ ಎಷ್ಟು ಬಿಗಿದರೂ ಅಷ್ಟೇ. ಬಣ್ಣ ಸವೆದಷ್ಟೂ ಚಕ್ರಕ್ಕೂ ನಟ್ಟಿಗೂ ನಡುವೆ ಸಂದು ಬೀಳುತ್ತದೆ. ಬಿಚ್ಚಿ ಹಾಕಿದ ಚಕ್ರವನ್ನು ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿಯಬೇಕು ಎಂದು ಸುನಿಲ ಯಾವಾಗಲೂ ಹೇಳುತ್ತಿದ್ದ. ಅವಸರದಲ್ಲಿ ಅವಳು ಬಣ್ಣವನ್ನೂ ನೋಡಲಿಲ್ಲ, ಬೆಳ್ಳಪ್ಪನಿಗೆ ಆ ಮಾತನ್ನೂ ಹೇಳಲಿಲ್ಲ.

ಯಮುನಮ್ಮನ ಕತ್ತಿ ಇಸಕೊಂಡು ಬಣ್ಣ ಕೆರೆದಳು. ಅಂಗೈಗೆ ಬೊಬ್ಬೆ ಬಂತು. ದಾರಿಯಲ್ಲಿ ಸಿಕ್ಕ ನಟ್ಟಿನ ಒಳಗಿನ ತಿರುಪು ಕೆಟ್ಟಿರಲಿಲ್ಲ, ಸಲೀಸಾಗಿ ಕೂತಿತು. ಈ ಸಲ ಒಂದೊಂದು ನಟ್ಟನ್ನೂ ಬಾಯಲ್ಲಿ ಎಣಿಸುತ್ತ ಬಿಗಿದಳು. ಹೆಂಗಸರನ್ನು ಹಿಂದೆ ನಡೆಸಿ, ಖಾಲಿ ಟ್ರ್ಯಾಕ್ಟರನ್ನು ಬೆಳ್ಳಪ್ಪನಿಂದ ಇಳಿಜಾರಿನವರೆಗೆ ಓಡಿಸಿ, ಅಲ್ಲಿ ಮತ್ತೆ ಬಿಗಿದಳು. ಆಮೇಲೇ ಎಲ್ಲರನ್ನೂ ಹತ್ತಿಸಿದ್ದು.

"ನಿನ್ನ ತಪ್ಪಲ್ಲ ಬಿಡು ತಂಗಿ, ಬಣ್ಣದ್ದು" ಎಂದ ಬೆಳ್ಳಪ್ಪ. ಆ ಮಾತು ಅವಳಿಗೆ ತಂಪೆನಿಸಲಿಲ್ಲ. ಬಿಗಿಯಲು ಮರೆತಿದ್ದರೆ ಇನ್ನು ಮರೆಯಬಾರದು ಎಂದುಕೊಂಡು ಸುಮ್ಮನಾಗಬಹುದಿತ್ತು. ಸರಿಯಾಗಿ ಮಾಡಿದ್ದೂ ಸಡಿಲವಾಗುತ್ತದೆ ಎಂದರೆ ಸುಮ್ಮನಾಗುವುದು ಹೇಗೆ?

ಅವತ್ತಿನಿಂದ ರಿಮ್ಮು ಕೆರೆದು ಒರೆಸದೆ ಅವಳು ಚಕ್ರ ಕೂರಿಸಲಿಲ್ಲ. ಬಿಗಿದ ಮೇಲೆ ನಟ್ಟಿಗೂ ರಿಮ್ಮಿಗೂ ಸೇರಿಸಿ ಹಳದಿ ಗೆರೆ ಎಳೆಯುತ್ತಿದ್ದಳು. ಗೆರೆ ತಪ್ಪಿದರೆ ನಟ್ಟು ತಿರುಗಿದೆ ಎಂದು ಯಾರಿಗಾದರೂ ಕಾಣಬೇಕು. ಸ್ವಲ್ಪ ದೂರ ಹೋಗಿ ವಾಪಸ್ ಬನ್ನಿ ಎಂದರೆ ಕೆಲವರು ನಗುತ್ತಿದ್ದರು, ಕೆಲವರು ಬರುತ್ತಿದ್ದರು. ಬರದವರಿಗೆ ಅವಳೇ ಫೋನು ಮಾಡುತ್ತಿದ್ದಳು.

ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ತೀರ್ಥಹಳ್ಳಿಯಿಂದ ಟಿಪ್ಪರಿನವನೊಬ್ಬ ಫೋನಿನಲ್ಲಿ ಸಿಕ್ಕಿದ. "ಗೆರೆ ಅಲ್ಲೇ ಇದೆ ಅಕ್ಕ, ಆದ್ರೂ ಒಂದ್ಸಲ ಬಿಗಿ ಮಾಡ್ದೆ" ಎಂದ.

"ಈಗಾದ್ರೂ ಉಣ್ತೀಯಾ?" ಎಂದ ಸುನಿಲ.

ಸುಮನಾ ಎರಡು ತುತ್ತು ಉಂಡಳು. ಮಧ್ಯಾಹ್ನ ಹೋದ ಇಟ್ಟಿಗೆಯ ಲಾರಿ ನೆನಪಾಗಿ ಎಡಗೈಯಲ್ಲಿ ಮತ್ತೆ ಫೋನು ಹುಡುಕತೊಡಗಿದಳು.