ಸದ್ದು ಸಾಲದು

ನನ್ನ ಅಣ್ಣ ಹೋಸಿಯಾ ಪೆಟಿಗ್ರೂ ಲಾಸ್ ಏಂಜಲೀಸ್‌ನಲ್ಲಿ ಬಾಕ್ಸಿಂಗ್ ಆಡುತ್ತಿದ್ದ. ಒಂದು ಕಣ್ಣು ಮಂಜಾದ ಮೇಲೆ ಸಿನಿಮಾದವರ ಹತ್ತಿರ ಏಟು ತಿನ್ನುವ ಕೆಲಸಕ್ಕೆ ಸೇರಿಕೊಂಡ.

ಆ ವರ್ಷ ರೇಡಿಯೋ ಹಾಸ್ಯಗಾರ ಹಾಲ್‌ಸ್ಟೆಡ್‌ನನ್ನು ತೆರೆಗೆ ತರುತ್ತಿದ್ದರು. ಅವನು ಬಿಳಿಯ. ದಿನಾ ಸಂಜೆ ನಮ್ಮ ಕರಿಯರ ಹಾಗೆ ಮಾತು ಎಳೆದು, ತೊದಲಿ, ಪೆದ್ದನಾಗಿ ದೇಶವನ್ನೇ ನಗಿಸುತ್ತಿದ್ದ. ರೇಡಿಯೋಗೆ ದನಿಯೊಂದೇ ಸಾಕಿತ್ತು. ಸಿನಿಮಾಕ್ಕೆ ಮುಖವೂ ಬೇಕಲ್ಲ, ಮಸಿ ಬಳಿದುಕೊಂಡು ಬಂದ.

ಗುಂಪಿನಲ್ಲಿ ನಿಲ್ಲಲು ನನ್ನನ್ನೂ ಕರೆದಿದ್ದರು. ಅಣ್ಣನ ಮೈಬಣ್ಣ ತಿಳಿ. ನಿರ್ದೇಶಕ ಅವನನ್ನು ನೋಡಿ, "ಇವನು ಕರಿಯನ ಹಾಗೆ ಕಾಣಲ್ಲ. ಇವನಿಗೂ ಬಳೀರಿ" ಅಂದ.

"ನಾನು ಹುಟ್ಟಿದ್ದೇ ಹೀಗೆ, ಸಾರ್."

"ಹುಟ್ಟಿಬಿಟ್ರೆ ಆಯ್ತೇನೋ?" ಅಂದ ಹಾಲ್‌ಸ್ಟೆಡ್. ಎಲ್ಲರೂ ನಕ್ಕರು. ಅಣ್ಣ ಬಳಿಸಿಕೊಂಡ.

ದೃಶ್ಯದಲ್ಲಿ ಹಾಲ್‌ಸ್ಟೆಡ್ ತಗಡಿನ ಬಾಣಲೆಯಿಂದ ಅಣ್ಣನ ತಲೆಗೆ ಹೊಡೆಯಬೇಕು, ಅಣ್ಣ ಬೀಳಬೇಕು. ಹೊಡೆದ, ಬಿದ್ದ.

"ಸದ್ದು ಸಾಲದು," ಅಂದ ಹಾಲ್‌ಸ್ಟೆಡ್. "ನಾನು ರೇಡಿಯೋದವನು, ನನಗೆ ಗೊತ್ತು." ಅಡುಗೆಮನೆಯ ಸೆಟ್ಟಿನಿಂದ ಕಬ್ಬಿಣದ ಬಾಣಲೆ ಎತ್ತಿಕೊಂಡ.

ಮೊದಲ ಏಟಿಗೆ ಅಣ್ಣನ ಕಿವಿ ಹರಿಯಿತು. ಮಸಿಯ ಮೇಲೆ ರಕ್ತ ಕಾಣಲಿಲ್ಲ. "ಇನ್ನೊಂದ್ಸಲ," ಅಂದ ನಿರ್ದೇಶಕ. ಮುಂದಿನ ಏಟು ಬಾಯಿಗೆ ಬಿತ್ತು. ಅಣ್ಣ ಹಲ್ಲು ಉಗುಳಿ ಎದ್ದು ನಿಂತ.

"ಸಾಕು ಸಾರ್."

"ಅಳ್ತಾ ಹೇಳೋ, ಇನ್ನೂ ಚೆನ್ನಾಗಿರುತ್ತೆ," ಎಂದು ಹಾಲ್‌ಸ್ಟೆಡ್ ಮತ್ತೆ ಬಾಣಲೆ ಬೀಸಿದ.

ಅಣ್ಣ ಆ ಕೈಯನ್ನು ಹಿಡಿದುಕೊಂಡ. ಇನ್ನೊಂದು ಕೈಯಿಂದ ಗುದ್ದಿದ. ದವಡೆ ಮುರಿದದ್ದು ಮೂಲೆಯಲ್ಲಿ ನಿಂತಿದ್ದ ನನಗೂ ಕೇಳಿಸಿತು.

ಸೆಟ್ಟಿನ ಆಳುಗಳು ಹಲಗೆ, ದೀಪದ ಕಂಬ ಹಿಡಿದು ಮೇಲೆ ಬಿದ್ದರು. ನಾನು ಅಡ್ಡ ಹೋದೆ; ಯಾರೋ ಜುಟ್ಟು ಹಿಡಿದು ಗೋಡೆಗೆ ಎಸೆದರು. ಅಣ್ಣನ ಬಲಗೈಯನ್ನು ನೆಲಕ್ಕೊತ್ತಿ, ಬೆರಳುಗಳು ಪುಡಿಯಾಗುವವರೆಗೂ ಬೂಟಿನಿಂದ ತುಳಿದರು. ಆಮೇಲೆ ಪೊಲೀಸರು ಬಂದು ಬೇಡಿ ಹಾಕಿದ್ದೂ ಅಣ್ಣನಿಗೇ.

ಅವನು ಜೈಲಿನಲ್ಲಿದ್ದಾಗ ಸಿನಿಮಾ ಬಂತು. ಬಾಯಿಗೆ ಬಿದ್ದ ಏಟನ್ನು ಉಳಿಸಿಕೊಂಡಿದ್ದರು. ಕೆಳಗೆ ಬಿಳಿಯರು, ಕರಿಯರಿಗೆ ಮೇಲಿನ ಬಾಲ್ಕನಿಯೊಂದೇ; ಅಲ್ಲಿಂದ ನಮ್ಮವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಕೊನೆಯವರೆಗೂ ಕೂತೆ.

ಬಿಡುಗಡೆಯಾಗಿ ಬಂದ ದಿನ ಅವನಿಗೆ ಸೊಪ್ಪು ಬೇಯಿಸಿ, ಮಾಂಸದ ಸಾರು ಬಡಿಸಿದೆ. ಎಡಗೈಯಲ್ಲಿ ಚಮಚ ಹಿಡಿದು ಕೇಳಿದ:

"ಸಿನಿಮಾ ನೋಡಿದ್ಯಾ, ಆರ್ಡೀ? ಕೆಳಗೆ ಕೂತವರು ನಕ್ಕರಾ?"

"ನಕ್ಕರು, ಅಣ್ಣ. ಹೊಟ್ಟೆ ಹಿಡ್ಕೊಂಡು."

"ಅವನು?"

"ದವಡೆ ಸೊಟ್ಟಗೆ ಕೂಡಿಕೊಂಡಿದೆಯಂತೆ. ರೇಡಿಯೋದಲ್ಲಿ ಈಗ ಬೇರೆ ಯಾರೋ ಬಿಳಿಯ ನಮ್ಮ ಹಾಗೆ ಮಾತಾಡ್ತಾನೆ."

ಅಣ್ಣ ತಟ್ಟೆಯನ್ನು ಹತ್ತಿರ ಎಳೆದುಕೊಂಡ.